ಕ್ಯಾಂಡಲ್ ಊಟದ ಹೊತ್ತಿಗೆ ಬಂದ ಹುರುಳಿ ಸಾರಿನ ವಾಸನೆ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧ ಓದಿದ ಮೇಲೆ ನೀವು ನನ್ನನ್ನೂ ಆ ಸಾಲಿಗೇ ಸೇರಿಸಿ ನಕ್ಕುಬಿಡುತ್ತೀರಿ. ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ಚಾಮರಾಜನಗರದ ಸುತ್ತಿನ ಹಳ್ಳಿಗಳನ್ನು ಕಾಲು ಸವೆಯುವಷ್ಟು ಸುತ್ತಿದವಳು ನಾನು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ಹಿಡಿದು ಕೂತ ಮನೆಗಳಿಗೆ ಹೋಗಿ, ಕುಯ್ದ ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿ, ಹುಡುಗಿಯ ಕಂಕುಳಿಗೆ ಥರ್ಮಾಮೀಟರ್ ಇಟ್ಟು, "ನೂರಾ ಮೂರು ಜ್ವರ ಅದೆ, ಗಾಡಿ ತರಿಸಿ" ಎಂದು ಜೋರು ಮಾಡಿದವಳು. ಬೈಸಿಕೊಂಡಿದ್ದೂ ಉಂಟು. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ರೇಗುತ್ತಿತ್ತು. ಈಗಲೂ ರೇಗುತ್ತದೆ.

ಆದರೂ ಒಂದು ಸಂಜೆ ನನಗೇ ಆದದ್ದನ್ನು ಹೇಳದೆ ಇರುವುದಕ್ಕೆ ಆಗುತ್ತಿಲ್ಲ. ಅದು ಹುಣಸೆಮರದ ಕೆಳಗೆ ಆಗಲಿಲ್ಲ, ಸ್ಮಶಾನದ ಪಕ್ಕದಲ್ಲಿ ಆಗಲಿಲ್ಲ. ಹಂಗಳ ದಾಟಿ ಕಾಡಿನ ಅಂಚಿಗೆ ಇರುವ ಒಂದು ದೊಡ್ಡ ರೆಸಾರ್ಟಿನ ಹೋಟೆಲಿನಲ್ಲಿ, ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮುಂದೆ, ಗುಲಾಬಿ ದಳಗಳ ನಡುವೆ ಆಯಿತು. ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿದ ದಿನ.

ಮೊದಲು ನನ್ನ ಮೂಗಿನ ವಿಷಯ ಹೇಳಬೇಕು. ಕೊರೊನಾ ಬಂದ ವರ್ಷ ಡ್ಯೂಟಿಯಲ್ಲಿದ್ದಾಗಲೇ ನನಗೂ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ವಾಸನೆ ಮಾತ್ರ ಹಿಂದಿರುಗಲಿಲ್ಲ. ಎಲ್ಲರಿಗೂ ಹದಿನೈದು ದಿನಕ್ಕೋ ತಿಂಗಳಿಗೋ ಬಂದದ್ದು ನನಗೆ ಬರಲೇ ಇಲ್ಲ. ಮೈಸೂರಿನ ಡಾಕ್ಟರು ನರಕ್ಕೆ ಪೆಟ್ಟಾಗಿದೆ, ಬಂದರೂ ಬರಬಹುದು ಬರದೆಯೂ ಇರಬಹುದು ಎಂದರು. ಹಾಲು ಉಕ್ಕಿ ಸೀದು ಹೋದರೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಯವರು ಹಿತ್ತಲಿನಲ್ಲಿ ಬೀಡಿ ಸೇದಿ ಬಂದು ಪಕ್ಕದಲ್ಲೇ ಕೂತು, "ಈಗ ನಂಗೆ ಸ್ವಾತಂತ್ರ್ಯ ಬಂತು ಕಣಮ್ಮಿ" ಎಂದು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ. ಮಳೆ ಬಿದ್ದ ಮಣ್ಣು, ಮೊಮ್ಮಗುವಿನ ನೆತ್ತಿ, ಅರಿಶಿನ ಬೇಯಿಸುವ ಕಾಲದ ಊರು, ಯಾವುದೂ ನನಗಿಲ್ಲವಲ್ಲ ಎಂದು ಒಬ್ಬಳೇ ಇದ್ದಾಗ ಅಳುತ್ತಲೂ ಇದ್ದೆ.

ಎಲ್ಲಕ್ಕಿಂತ ಹೆಚ್ಚು ಕಷ್ಟವಾದದ್ದು ಎಡೆಯ ಅಡುಗೆಗೆ. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೀರಿಕೊಂಡ ಹಿರಿಯರಿಗೆ ವರ್ಷಕ್ಕೊಮ್ಮೆ ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ, ನಡುಮನೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಬಟ್ಟೆ, ಎಲೆಅಡಿಕೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬಂದುಬಿಡುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಬಾಗಿಲು ಮುಚ್ಚಿದ ಮೇಲೆ ಒಳಗೆ ಯಾರೂ ಕಾಲಿಡುವ ಹಾಗಿಲ್ಲ. ಆ ಅಡುಗೆಯನ್ನು ಅವರಿಗಿಂತ ಮುಂಚೆ ಯಾರೂ ನಾಲಿಗೆಗೆ ಮುಟ್ಟಿಸುವ ಹಾಗೂ ಇಲ್ಲ, ಎಂಜಲಾಗುತ್ತದೆ. ಹಾಗಾದರೆ ಉಪ್ಪು ನೋಡುವುದು ಹೇಗೆ? ಮೂಗಿನಿಂದ.

ನಗಬೇಡಿ, ಉಪ್ಪಿಗೆ ವಾಸನೆ ಇಲ್ಲ ಎಂದು ನನಗೂ ಗೊತ್ತು. ಆದರೆ ಉಪ್ಪು ಬಿದ್ದ ಸಾರಿಗೂ ಬೀಳದ ಸಾರಿಗೂ ಆವಿಯಲ್ಲಿ ವ್ಯತ್ಯಾಸ ಇರುತ್ತದೆ. ನಮ್ಮತ್ತೆ ಅದನ್ನು ನನಗೆ ಕಲಿಸಿದ್ದು ವರ್ಷಗಟ್ಟಲೆ, ಒಲೆ ಮುಂದೆ ಬಗ್ಗಿಸಿ ನಿಲ್ಲಿಸಿ. "ಉಪ್ಪು ಬಿದ್ದಿದ್ರೆ ವಾಸ್ನೆ ತಳಕ್ಕೆ ಕೂತ್ಕತದೆ. ಬೀಳ್ದಿದ್ರೆ ಮ್ಯಾಲೇ ಆಡ್ತಾ ಇರ್ತದೆ, ನೋಡು" ಎನ್ನುತ್ತಿದ್ದರು. ಮೊದಲ ವರ್ಷಗಳಲ್ಲಿ ನನಗೆ ಬರೀ ಸಾರಿನ ವಾಸನೆ ಬರುತ್ತಿತ್ತು, ಆಡುವುದೂ ಇಲ್ಲ ಕೂರುವುದೂ ಇಲ್ಲ. ಆಮೇಲೆ ಯಾವಾಗಲೋ ಒಂದು ದಿನ ತಿಳಿಯಿತು. ತಿಳಿದ ಮೇಲೆ ತಪ್ಪಲಿಲ್ಲ. ನಮ್ಮತ್ತೆ ಬಲು ನಾಲಿಗೆರುಚಿಯ ಹೆಂಗಸು. ಉಪ್ಪು ಒಂಚೂರು ಕಮ್ಮಿಯಾದರೂ ಮಾತಾಡದೆ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಅಂಥವರಿಂದ ಅಡುಗೆಮನೆ ಗೆದ್ದುಕೊಂಡದ್ದು ನನಗೆ ಸರ್ಕಾರಿ ನೌಕರಿ ಸಿಕ್ಕಿದ್ದಕ್ಕಿಂತ ದೊಡ್ಡದಾಗಿತ್ತು.

ಅವರು ತೀರಿಕೊಂಡದ್ದು ನನ್ನ ಮೂಗು ಹೋದ ಮರುವರ್ಷ, ಶ್ರಾವಣದಲ್ಲಿ. ಮೊದಲ ವರ್ಷದ ಎಡೆಗೆ ನಾನೇ ಅಂದಾಜಿನ ಮೇಲೆ ಉಪ್ಪು ಹಾಕಿ ಸಾರು ಮಾಡಿದೆ. ಬಾಗಿಲು ತೆಗೆದ ಮೇಲೆ ಪ್ರಸಾದ ಉಣ್ಣುವಾಗ ಯಾರೂ ಏನೂ ಹೇಳಲಿಲ್ಲ. ಆದರೆ ನಮ್ಮತ್ತೆಯ ತಂಗಿ, ನಾವು ಚಿಕ್ಕತ್ತೆ ಎನ್ನುವವರು, ಎಲೆಯ ತುದಿಯಲ್ಲಿದ್ದ ಉಪ್ಪಿನ ಕಡೆ ಕೈ ಹಾಕಿದ್ದನ್ನು ನಾನು ನೋಡಿದೆ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಎಡೆಯ ಅಡುಗೆ ನನ್ನ ಕೈಯಲ್ಲಿ ಬೇಡ.

ಇದು ಸೊಸೆ ಪವಿತ್ರಳ ಪಾಲಿಗೆ ಬಂತು. ಮಗ ಚಾಮರಾಜನಗರದಲ್ಲಿ ಅಪ್ಪನ ಜೊತೆ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ನೋಡಿಕೊಳ್ಳುತ್ತಾನೆ. ನಾವೆಲ್ಲ ಇರುವುದು ಹರದನಹಳ್ಳಿಯ ಮನೆಯಲ್ಲಿ. ಪವಿತ್ರ ಚುರುಕಿನ ಹುಡುಗಿ, ಮೊಬೈಲಿನಲ್ಲೇ ಪ್ರಪಂಚ ತಿರುಗಿಸುತ್ತಾಳೆ. ಅವಳೇ ನಮ್ಮ ಮದುವೆಯ ದಿನಕ್ಕೆಂದು ಆ ರೆಸಾರ್ಟಿನಲ್ಲಿ "ಕ್ಯಾಂಡಲ್ ಲೈಟ್ ಡಿನ್ನರ್" ಬುಕ್ ಮಾಡಿದ್ದು. ದುಡ್ಡು ಕಟ್ಟಿ, ಚೀಟಿ ತರಿಸಿಕೊಂಡು, ಎಲ್ಲ ಮುಗಿದ ಮೇಲೆ ಕುಣಿಯುತ್ತ ಬಂದು ನಮಗೆ ಹೇಳಿದಳು. ಅವಳು ನೋಡಿದ್ದು ಇಂಗ್ಲಿಷ್ ತಾರೀಖು. ಎಡೆ ಬರುವುದು ತಿಥಿಯ ಮೇಲೆ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದರೆ ಎರಡೂ ಒಂದೇ ಚೌಕದಲ್ಲಿ ಕೂತಿದ್ದವು.

ಹುಡುಗಿ ಅಳುಮುಖ ಮಾಡಿಕೊಂಡಳು. ಬೇರೆ ದಿನಕ್ಕೆ ಬದಲಾಯಿಸುವ ಹಾಗಿರಲಿಲ್ಲ. ನಮ್ಮ ಮನೆಯವರು, ಅವ್ವನ ಎಡೆಯ ದಿನ ಹೋಟೆಲೂಟ ಏನು ಎಂದು ಮುಖ ಗಂಟು ಹಾಕಿದರು. ಆಮೇಲೆ ಅವರೇ ನನ್ನ ಕಡೆ ನೋಡಿ, ಏನು ಕಂಡಿತೋ, "ಬುಡು, ಓಗನ" ಎಂದರು. ಎಡೆಯ ದಿನ ಬಂದರೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೂ ಹೋಗಲಾರದೆ ಹೊರಗೂ ಬರಲಾರದೆ ಒದ್ದಾಡುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನನಗೂ ನಿಜ ಹೇಳಬೇಕೆಂದರೆ ತಪ್ಪಿಸಿಕೊಂಡರೆ ಸಾಕಾಗಿತ್ತು. ಅಡುಗೆ ಪವಿತ್ರ ಮಾಡುತ್ತಾಳೆ, ಎಡೆ ಇಡುವುದಕ್ಕೆ ಮಗ ಇರುತ್ತಾನೆ, ಮೇಲ್ವಿಚಾರಣೆಗೆ ಚಿಕ್ಕತ್ತೆ ಬರುತ್ತಾರೆ. ನಾವು ಬೆಳಿಗ್ಗೆಯೇ ಕಾಯಿ ಒಡೆದು ಕೈಮುಗಿದು, ಮಧ್ಯಾಹ್ನ ಕಳೆದ ಮೇಲೆ ಹೊರಟೆವು. ಹೊರಡುವಾಗ ಪವಿತ್ರಳಿಗೆ ಒಂದೇ ಮಾತು ಹೇಳಿದೆ: ಅಜ್ಜಿಗೆ ಬೇರೆ ಏನು ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ, ಹುರುಳಿ ಸಾರು ಮಾತ್ರ ಸರಿಯಾಗಿರಬೇಕು. ಅವರು ಅದಕ್ಕಾಗಿ ಪ್ರಾಣ ಬಿಡುತ್ತಿದ್ದರು. ಎಲೆ ಪಕ್ಕಕ್ಕೆ ಇಡಲು ಅವರ ಹಳೇ ಸೀರೆಯೊಂದನ್ನು ಒಗೆದು ಮಡಿಸಿ ಇಟ್ಟು ಬಂದಿದ್ದೆ.

ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಮುಟ್ಟುವ ಹೊತ್ತಿಗೆ ಮೋಡ ಕವಿದಿತ್ತು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು ಹಳದಿಗೆ ಹಳದಿಯಾಗಿದ್ದವು, ಕೇರಳದ ಕಾರುಗಳು ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಮಗನ ಮದುವೆಯಲ್ಲಿ ಹೊಲಿಸಿದ ಶರಟು ಹಾಕಿಕೊಂಡು ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದರು. ನಾನು ಮಲ್ಲಿಗೆ ಮುಡಿದಿದ್ದೆ. ಅದರ ವಾಸನೆ ಬೇರೆಯವರಿಗೆ ಇರಲಿ ಎಂದು.

ರೆಸಾರ್ಟಿನವರು ನಮ್ಮನ್ನು ಬೆಳಕಿರುವಾಗಲೇ ಕೂರಿಸಿದರು. ಊಟ ಮುಗಿಸಿ ಮನೆಗೆ ಹಿಂದಿರುಗುವವರಿಗೆ ಹಾಗೆ ಮಾಡುತ್ತಾರಂತೆ. ಮರದ ಹಲಗೆಯ ಅಟ್ಟದ ಮೇಲೆ ನಮಗೊಂದೇ ಟೇಬಲ್. ಎದುರಿಗೆ ಗೋಪಾಲಸ್ವಾಮಿ ಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿತ್ತು. ಗಾಜಿನ ಬುಡ್ಡಿಗಳೊಳಗೆ ಮೇಣದಬತ್ತಿ, ಗುಲಾಬಿ ದಳದಲ್ಲಿ ಬರೆದ ನಮ್ಮಿಬ್ಬರ ಹೆಸರಿನ ಮೊದಲ ಅಕ್ಷರ, ಎರಡು ಹಂಸಗಳ ಹಾಗೆ ಮಡಿಸಿದ ಬಟ್ಟೆ. ಬಟ್ಟೆ ತೊಡೆಯ ಮೇಲೆ ಹಾಕಿಕೊಳ್ಳುವುದಕ್ಕೆ ಎಂದು ಗೊತ್ತಾಗದೆ ನಮ್ಮ ಮನೆಯವರು ತಮ್ಮ ಹಂಸವನ್ನು ಜೋಪಾನವಾಗಿ ಪಕ್ಕದ ಕುರ್ಚಿಯ ಮೇಲೆ ಕೂರಿಸಿದರು. ಬಡಿಸಲು ಬಂದವನು ಶಿಬು ಎಂದು ವಯನಾಡಿನ ಕಡೆಯವನು, ಕಪ್ಪು ಕೋಟು ಹಾಕಿಕೊಂಡು ಬಾಗಿ ಬಾಗಿ ಮಾತಾಡುತ್ತಿದ್ದ. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮೂವತ್ತು ವರ್ಷದಲ್ಲಿ ನಾವಿಬ್ಬರೇ ಎದುರುಬದುರು ಕೂತು, ಮಧ್ಯೆ ಯಾರಿಗೂ ಬಡಿಸದೆ ಉಂಡದ್ದು ನೆನಪಿಗೇ ಬರಲಿಲ್ಲ.

ಮೊದಲು ಸೂಪು ಬಂತು. ಅಣಬೆಯದು ಎಂದ ಶಿಬು. ಬೆಳ್ಳಗೆ ಗಂಜಿಯ ಹಾಗಿತ್ತು. ನಮ್ಮ ಮನೆಯವರು ಒಂದು ಚಮಚ ಕುಡಿದು, "ಚೆನ್ನಾಗದೆ ಕಣಮ್ಮಿ, ಘಮ್ ಅಂತದೆ" ಎಂದವರು ತಕ್ಷಣ ತಪ್ಪು ಮಾಡಿದವರ ಹಾಗೆ ಬಟ್ಟಲಿನ ಕಡೆ ತಲೆ ಬಗ್ಗಿಸಿದರು. ನನಗೆ ಅದು ಬಿಸಿ ನೀರು. ಬಿಸಿ, ಮೆತ್ತಗೆ, ಅಷ್ಟೇ. ನಕ್ಕು ಇನ್ನೊಂದು ಚಮಚ ಎತ್ತಿದೆ.

ಆಗಲೇ ಅದು ಬಂದದ್ದು.

ವಾಸನೆ ನಿಧಾನವಾಗಿ ಬರಲಿಲ್ಲ. ಕತ್ತಲೆ ಕೋಣೆಯಲ್ಲಿ ಯಾರೋ ಲೈಟ್ ಹಾಕಿದ ಹಾಗೆ ಒಮ್ಮೆಲೇ ಬಂತು. ಅಷ್ಟು ವರ್ಷ ಏನೂ ಇಲ್ಲದಿದ್ದ ಮೂಗಿನೊಳಗೆ ಹುರುಳಿ ಕಟ್ಟಿನ ಸಾರು ತುಂಬಿಕೊಂಡಿತು. ಸುಟ್ಟ ಬೆಳ್ಳುಳ್ಳಿ, ಹುರಿದ ಮೆಣಸಿನಕಾಯಿ, ಹುಣಸೆಹುಳಿ, ಎಲ್ಲ ಬೇರೆ ಬೇರೆಯಾಗಿ. ಕಣ್ಣಲ್ಲಿ ನೀರು ಬಂತು. ಅದರ ಜೊತೆಗೆ ಸಾಂಬ್ರಾಣಿ ಹೊಗೆ, ನಮ್ಮತ್ತೆ ಎಲೆಅಡಿಕೆಯ ಜೊತೆ ಹಾಕಿಕೊಳ್ಳುತ್ತಿದ್ದ ಕಡ್ಡಿಪುಡಿ ಹೊಗೆಸೊಪ್ಪಿನ ಘಾಟು, ಇನ್ನೂ ನೀರು ಕಾಣದ ಹೊಸ ಸೀರೆಯ ಗಂಜಿ ವಾಸನೆ. ಇವೆಲ್ಲ ಹಿನ್ನೆಲೆಗೆ ಇದ್ದವು. ಮುಂದೆ ಇದ್ದದ್ದು ಸಾರು. ಮತ್ತು ಆ ಸಾರಿನ ವಾಸನೆ ತಳಕ್ಕೆ ಕೂತಿರಲಿಲ್ಲ. ಮೇಲೇ ಆಡುತ್ತಿತ್ತು.

"ಉಪ್ಪು ಹಾಕಿಲ್ಲ" ಎಂದೆ. ಗಟ್ಟಿಯಾಗಿಯೇ ಎಂದಿರಬೇಕು, ಶಿಬು ಓಡಿ ಬಂದು ಸೂಪಿಗೆ ಉಪ್ಪು ತರಲೇ ಎಂದ. ನಾನು ಅವನನ್ನು, ನಿಮ್ಮ ಅಡುಗೆಮನೆಯಲ್ಲಿ ಯಾರು ಹುರುಳಿ ಸಾರು ಮಾಡುತ್ತಿದ್ದಾರೆ ಎಂದು ಕೇಳಿದೆ. ಅವನಿಗೆ ಹುರುಳಿ ಏನೆಂದು ತಿಳಿಯಲಿಲ್ಲ. ನಮ್ಮ ಮನೆಯವರು ವಿವರಿಸಿದ ಮೇಲೆ, "ಓ, ಮುತಿರ! ಅದು ಇಲ್ಲಿ ಇಲ್ಲ ಅಮ್ಮಾ, ಸ್ಟಾಫಿಗೂ ಮಾಡಲ್ಲ" ಎಂದ. ಆದರೂ ಒಳಗೆ ಹೋಗಿ ವಿಚಾರಿಸಿ ಬಂದ. ಯಾರೂ ಮಾಡಿರಲಿಲ್ಲ. ನಮ್ಮ ಮನೆಯವರಿಗೆ ಅದೊಂದೂ ಬೇಕಿರಲಿಲ್ಲ, ನನ್ನ ಕೈ ಹಿಡಿದುಕೊಂಡು, "ವಾಸ್ನೆ ಬಂತಾ? ನಿಜ್ವಾಗ್ಲೂ ಬಂತಾ?" ಎಂದು ಮಗುವಿನ ಹಾಗೆ ಕೇಳುತ್ತಿದ್ದರು. 

ನಾನು ತಲೆಗೂದಲಿನಿಂದ ಮಲ್ಲಿಗೆ ಕಿತ್ತು ಮೂಗಿಗೆ ಹಿಡಿದೆ. ಏನೂ ಇಲ್ಲ. ಸೂಪಿನ ಬಟ್ಟಲಿಗೆ ಮುಖ ಒಡ್ಡಿದೆ. ಏನೂ ಇಲ್ಲ. ಮೇಣದಬತ್ತಿಯ ವಾಸನೆಯೂ ಇಲ್ಲ. ಹುರುಳಿ ಸಾರು ಮಾತ್ರ ಹಾಗೇ ಇತ್ತು, ಮುಖದ ಮುಂದೆ ಯಾರೋ ಪಾತ್ರೆ ತಂದು ಇಟ್ಟ ಹಾಗೆ. ಅದು ನಮ್ಮ ಮನೆಯ ಸಾರು. ಬೇರೆಯವರ ಮನೆ ಹುರುಳಿ ಸಾರಲ್ಲ. ಸುಟ್ಟ ಬೆಳ್ಳುಳ್ಳಿ ಜಜ್ಜಿ ಹಾಕುವುದು ನಮ್ಮತ್ತೆಯ ಕೈಪದ್ಧತಿ, ಅದನ್ನು ನಾನು ಪವಿತ್ರಳಿಗೆ ಹೇಳಿಕೊಟ್ಟಿದ್ದೆ. ನನಗೆ ಆಗ ಭಯವಾಗಲಿಲ್ಲ. ಅದನ್ನೂ ಹೇಳಬೇಕು. ಭಯಕ್ಕೆ ಹೊತ್ತಿರಲಿಲ್ಲ. ಬೆಟ್ಟದ ಮೇಲೆ ಬೆಳಕು ಇಳಿಯುತ್ತಿತ್ತು, ಊರಲ್ಲಿ ದೀಪ ಹಚ್ಚುವ ಹೊತ್ತು, ಎಡೆ ಬಡಿಸುವ ಹೊತ್ತು. ಬಡಿಸಿ ಬಾಗಿಲು ಎಳೆದುಬಿಟ್ಟರೆ ಮುಗಿಯಿತು. ಇಡೀ ಬದುಕು ಉಪ್ಪಿಗಾಗಿ ತಟ್ಟೆ ತಳ್ಳಿದ ಮುದುಕಿಯ ಮುಂದೆ ಉಪ್ಪಿಲ್ಲದ ಸಾರು ಇಟ್ಟು ನಾವು ಹೊರಗೆ ಕೈಕಟ್ಟಿ ನಿಂತಿರುತ್ತೇವೆ, ಅದನ್ನು ಸರಿಮಾಡುವುದಕ್ಕೆ ಇನ್ನೊಂದು ವರ್ಷ ಕಾಯಬೇಕು. ನನಗೆ ತಲೆಯಲ್ಲಿ ಇದ್ದದ್ದು ಇದೊಂದೇ.

ಫೋನ್ ತೆಗೆದರೆ ಸಿಗ್ನಲ್ ಇಲ್ಲ. ನಮ್ಮ ಮನೆಯವರದ್ದರಲ್ಲೂ ಇಲ್ಲ. ಶಿಬು ಪಾಪ, ಏನೆಂದು ಅರ್ಥವಾಗದಿದ್ದರೂ, "ಇಲ್ಲಿ ರೇಂಜ್ ಇಲ್ಲ ಅಮ್ಮಾ, ಗೇಟಿನ ಹತ್ರ ಆ ಮರದ ಕೆಳಗೆ ಕಿಟ್ಟುತ್ತೆ, ಸಿಗುತ್ತೆ" ಎಂದು ತಾನೇ ಮುಂದೆ ಓಡಿದ. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಅವನ ಹಿಂದೆ, ನನ್ನ ಹಿಂದೆ ನಮ್ಮ ಮನೆಯವರು. ಗಿಟಾರ್ ಬಾರಿಸುತ್ತಿದ್ದವನು ಬಾರಿಸುವುದನ್ನು ನಿಲ್ಲಿಸಿ ನೋಡಿದ. ಹೆಂಡತಿ ಮುನಿಸಿಕೊಂಡು ಎದ್ದು ಹೋದಳು ಎಂದುಕೊಂಡಿರಬೇಕು. ಓಡುವಾಗಲೂ ವಾಸನೆ ಹಿಂದೆ ಬೀಳಲಿಲ್ಲ. ಗಾಳಿ ಎದುರಿಗೆ ಬೀಸುತ್ತಿತ್ತು, ಕಾಡಿನ ಕಡೆಯಿಂದ. ಅದು ಈ ವಾಸನೆಯನ್ನು ಒಂದಿಷ್ಟೂ ಅಲುಗಿಸಲಿಲ್ಲ.

ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಬಂತು. ಮೊದಲ ಸಲ ರಿಂಗಾಗಿ ಕಟ್ಟಾಯಿತು. ಎರಡನೆಯ ಸಲಕ್ಕೆ ಪವಿತ್ರ ಎತ್ತಿದಳು.

"ಎಡೆ ಬಡಿಸಿದ್ರಾ?" ಎಂದೆ.

"ಇಲ್ಲ ಕಣತ್ತೆ, ಇವ್ರು ಸ್ನಾನ ಮಾಡ್ತಾವ್ರೆ. ಬಂದೇಟ್ಗೆ ಬಡ್ಸದೆಯ. ಯಾಕತ್ತೆ, ಉಸ್ರು ಕಟ್ಕೊಂಡು ಮಾತಾಡ್ತಿದ್ದೀರಿ?"

"ಸಾರಿಗೆ ಉಪ್ಪು ಹಾಕಿದ್ದೀಯಾ?"

 ಅವಳ ಧ್ವನಿ ಸಣ್ಣಗಾಯಿತು. "ಅಯ್ಯೋ ದೇವ್ರೇ. ಹಾಕೇ ಇಲ್ಲ ಕಣತ್ತೆ. ಹುಳಿ ಹಾಕುವಾಗ ಚಿಕ್ಕಜ್ಜಿ ಏನೋ ಕೇಳಿದ್ರು, ಅತ್ಲಾಗಿ ತಿರುಗ್ದೆ, ಮರ್ತ್ಬುಟ್ಟೆ. ಎಂಗೊತ್ತಾಯ್ತು ನಿಮ್ಗೆ?"

 ಹಾಕು ಎಂದೆ. ಅವಳು ಫೋನ್ ಕಟ್ ಮಾಡದೆ ಹಾಗೇ ಹಿಡಿದುಕೊಂಡು ಓಡಿದ್ದು ಕೇಳಿಸಿತು; ಬಳೆಯ ಸದ್ದು, ಡಬ್ಬದ ಮುಚ್ಚಳದ ಸದ್ದು, ಸೌಟು ಪಾತ್ರೆಗೆ ತಾಗುವ ಸದ್ದು. ನಾನು ಕಾಡಂಚಿನ ಮರದ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಸೌಟು ತಿರುಗಿತು. ನನ್ನ ಮೂಗಿನ ಮುಂದೆ ಆಡುತ್ತಿದ್ದ ವಾಸನೆ ಮೆಲ್ಲಗೆ ಭಾರವಾಗಿ, ಕೆಳಗಿಳಿದು, ತಳಕ್ಕೆ ಕೂತಿತು. ಹೇಗೆ ಕೂರಬೇಕೋ ಹಾಗೆ.

"ಸಾಕು, ಸರಿಯಾಯ್ತು" ಎಂದೆ. ಸಾಕಾ ಎಂದು ಅವಳು ಇನ್ನೂ ಕೇಳಿರಲಿಲ್ಲ.

ಅಷ್ಟು ಹೇಳುತ್ತಿದ್ದ ಹಾಗೇ ಎಲ್ಲವೂ ಹೋಯಿತು. ಸಾರು, ಸಾಂಬ್ರಾಣಿ, ಕಡ್ಡಿಪುಡಿ ಯಾವುದೂ ಉಳಿಯಲಿಲ್ಲ. ಮೂಗಿನಲ್ಲಿ ಬರೀ ತಣ್ಣನೆಯ ಗಾಳಿ. ನಾನು ನಮ್ಮ ಮನೆಯವರ ಎದೆಗೆ ಹಣೆ ಒತ್ತಿ ನಿಂತೆ. ಅವರ ಶರಟಿಗೆ ಏನು ವಾಸನೆಯೋ, ಬೀಡಿಯದೋ ಸೆಂಟಿನದೋ, ನನಗೆ ತಿಳಿಯಲಿಲ್ಲ. ಶಿಬು ದೂರ ಸರಿದು ನಿಂತು ಬೇರೆ ಕಡೆ ನೋಡುತ್ತಿದ್ದ.

ನಾವು ಹಿಂದಿರುಗಿ ಊಟ ಮಾಡಿದೆವು. ಮಾಡದೆ ಎದ್ದರೆ ಆ ಹುಡುಗನಿಗೆ ಬೇಸರವಾಗುತ್ತಿತ್ತು. ಏನೇನೋ ಬಂದವು, ಕೊನೆಗೆ ಒಂದು ಪುಟ್ಟ ಕೇಕು ಬಂತು, ಗಿಟಾರಿನವನು ಪಕ್ಕಕ್ಕೆ ಬಂದು ಬಾರಿಸಿದ.  ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೆವು, ಮದುವೆಯ ಹೊಸದರಲ್ಲೂ ಹಾಗೆ ಕೂತವರಲ್ಲ. ಮೈಯೆಲ್ಲ ಹಗುರಾಗಿತ್ತು. ದೊಡ್ಡದೇನೋ ಒಂದು ನಮ್ಮ ಪಕ್ಕದಲ್ಲೇ ಹಾದುಹೋಗಿ, ನಮ್ಮನ್ನು ಮುಟ್ಟದೆ ಬಿಟ್ಟ ಹಾಗೆ. ಬೆಟ್ಟ ಕಾಣುತ್ತಿರಲಿಲ್ಲ, ಆದರೆ ಅದು ಅಲ್ಲೇ ಇದೆ ಎಂದು ಗೊತ್ತಾಗುತ್ತಿತ್ತು.

ಮನೆಗೆ ಬಂದಾಗ ಬಾಗಿಲು ತೆಗೆದಾಗಿತ್ತು. ಎಲ್ಲರೂ ಪ್ರಸಾದ ಉಂಡು ನಮಗೆ ಎತ್ತಿಟ್ಟಿದ್ದರು. ನಮ್ಮ ಮನೆಯವರು ಅಷ್ಟೆಲ್ಲ ತಿಂದು ಬಂದಿದ್ದರೂ ಮುದ್ದೆ ಮುರಿದು ಆ ಸಾರಿಗೆ ಅದ್ದಿ ಉಂಡರು. ಚಿಕ್ಕತ್ತೆ ಗೋಡೆಗೆ ಒರಗಿ ಕೂತು, "ನಮ್ಮಕ್ಕ ಮಾಡ್ದಂಗೇ ಅದೆ ಕಣವ್ವ ಸಾರು" ಎಂದು ಪವಿತ್ರಳನ್ನು ಹೊಗಳಿದರು. ಅವರ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಪವಿತ್ರ ನನ್ನ ಕಡೆ ನೋಡಿದಳು, ನಾನು ಬೇರೆ ಕಡೆ ನೋಡಿದೆ.

ಎಲ್ಲರೂ ಮಲಗುವ ಮುಂಚೆ ಅವಳನ್ನು ಹಿತ್ತಲಿಗೆ ಕರೆದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಸಾರು ಇಳಿಸಿ, ಪಾತ್ರೆ ಸಮೇತ ತಂದು ನಡುಮನೆಯಲ್ಲಿ ಎಲೆಯ ಪಕ್ಕ ಇಟ್ಟಿದ್ದಳು. ಧೂಪವೂ ಹಾಕಿಯಾಗಿತ್ತು, ಕಡ್ಡಿಪುಡಿ, ಎಲೆಅಡಿಕೆ ಇಟ್ಟಾಗಿತ್ತು. ನಾನು ಒಗೆದಿಟ್ಟಿದ್ದ ಸೀರೆ ಬೇಡ ಎಂದು ಚಿಕ್ಕತ್ತೆ ಸಂಜೆ ಬರುವಾಗ ಪೇಟೆಯಿಂದ ಹೊಸ ಹತ್ತಿ ಸೀರೆಯೊಂದನ್ನು ತಂದಿದ್ದರು, ಅದನ್ನೇ ಇಟ್ಟಿದ್ದರು. ಆಮೇಲೆ ಎಲ್ಲರೂ ಮಗ ಸ್ನಾನ ಮುಗಿಸಿ ಬರಲಿ ಎಂದು ಜಗಲಿಯ ಮೇಲೆ ಹೋಗಿ ಕೂತಿದ್ದರು. ನನ್ನ ಫೋನ್ ಬಂದದ್ದು ಆಗ.

"ಹಂಗಾದ್ರೆ ಪಾತ್ರೆ ಹತ್ರ ಯಾರಿದ್ರು?" ಎಂದೆ.

"ಯಾರೂ ಇಲ್ಲ ಕಣತ್ತೆ" ಎಂದಳು. ಅಂದವಳೇ ನನ್ನ ತೋಳು ಹಿಡಿದುಕೊಂಡಳು.

ಈಗ ನೀವು ಹೇಳಬಹುದಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಮೈಸೂರಿನ ಡಾಕ್ಟರನ್ನು ಮತ್ತೆ ಹೋಗಿ ಕೇಳಿದೆ. ಪೆಟ್ಟಾದ ನರ ಒಮ್ಮೊಮ್ಮೆ ಇಲ್ಲದ ವಾಸನೆ ತೋರಿಸುತ್ತದೆ, ಬಹಳ ಜನಕ್ಕೆ ಹಾಗಾಗಿದೆ ಎಂದರು. ಒಪ್ಪುತ್ತೇನೆ. ಅವತ್ತಿಡೀ ನನ್ನ ಮನಸ್ಸು ಆ ಸಾರಿನ ಮೇಲೇ ಇತ್ತು, ಅದಕ್ಕೇ ಆ ವಾಸನೆ. ಅದನ್ನೂ ಒಪ್ಪುತ್ತೇನೆ. ಮೊದಲ ಸಲ ಎಡೆಯ ಅಡುಗೆಗೆ ನಿಂತ ಹುಡುಗಿ, ತಲೆಯ ಮೇಲೆ ಚಿಕ್ಕತ್ತೆಯಂಥವರು, ರುಚಿ ನೋಡುವ ಹಾಗಿಲ್ಲ. ಉಪ್ಪು ಮರೆಯುವುದು ಏನು ದೊಡ್ಡದು? ಎಡೆಗೆ ಹೊಸ ಸೀರೆ ಇಡುವುದೂ ಹೊಸತಲ್ಲ. ಒಂದೊಂದಕ್ಕೂ ಉತ್ತರ ಇದೆ. ಎಲ್ಲ ಸೇರಿಸಿ ನೋಡಿದರೆ ಸಾಲುವುದಿಲ್ಲ. ಸೌಟು ತಿರುಗಿದ ಹಾಗೆ ಕೆಳಗಿಳಿದು ಕೂತ ಆ ವಾಸನೆಗಂತೂ ನನ್ನ ಬಳಿ ಯಾವ ಉತ್ತರವೂ ಇಲ್ಲ. ನನ್ನ ಮೂಗಿಗೆ ಬಂದದ್ದು ಒಲೆಯ ಮುಂದೆ ನಿಂತವರಿಗೆ ಬರುವ ವಾಸನೆ ಆಗಿರಲಿಲ್ಲ. ಎಲೆಯ ಮುಂದೆ ಕೂತು, ಬಡಿಸುವುದನ್ನು ಕಾಯುತ್ತಿರುವವರಿಗೆ ಬರುವ ವಾಸನೆ. 

ನಾನು ದೆವ್ವ ನಂಬುತ್ತೇನೆ ಎಂದು ಇದರಿಂದ ತಿಳಿಯಬೇಡಿ. ನಮ್ಮತ್ತೆಯನ್ನು ದೆವ್ವ ಎಂದು ಕರೆಯುವುದಕ್ಕೆ ನನಗೆ ಮನಸ್ಸೂ ಬರುವುದಿಲ್ಲ, ಧೈರ್ಯವೂ ಇಲ್ಲ. ನನ್ನ ಮೂಗು ಆಮೇಲೆ ಸರಿಯಾಗಲಿಲ್ಲ. ಆ ಸಂಜೆಯ ನಂತರ ಒಂದೇ ಒಂದು ವಾಸನೆಯೂ ನನಗೆ ಬಂದಿಲ್ಲ. ನಮ್ಮ ಮನೆಯವರು ತಿಂಗಳುಗಟ್ಟಲೆ ಏನೇನೋ ತಂದು ಮೂಗಿಗೆ ಹಿಡಿದು, ಬಂತಾ ಬಂತಾ ಎಂದು ಕೇಳಿ, ಕೊನೆಗೆ ಬಿಟ್ಟರು. ನನಗೆ ಮೊದಲಿನಷ್ಟು ದುಃಖವಿಲ್ಲ. ಯಾಕಿಲ್ಲ ಎಂದು ವಿವರಿಸಲು ಹೋದರೆ ನಾನು ನಂಬದ ಮಾತುಗಳನ್ನೆಲ್ಲ ಆಡಬೇಕಾಗುತ್ತದೆ.

ಮರುವರ್ಷದಿಂದ ಎಡೆಯ ಅಡುಗೆಯನ್ನು ನಾನೂ ಪವಿತ್ರಳೂ ಸೇರಿ ಮಾಡುತ್ತೇವೆ. ಸಾರು ಇಳಿಸಿ ಪಾತ್ರೆಯನ್ನು ಎಲೆಯ ಪಕ್ಕ ಇಟ್ಟ ಮೇಲೆ ಕೂಡಲೇ ಬಡಿಸುವುದಿಲ್ಲ. ಇದು ನಮ್ಮ ಊರಿನ ಪದ್ಧತಿಯಲ್ಲ, ಯಾರ ಮನೆಯಲ್ಲೂ ಇಲ್ಲ, ನಮ್ಮಿಬ್ಬರಲ್ಲಿ ಯಾರು ಶುರುಮಾಡಿದರು ಎಂದೂ ಹೇಳಲಾರೆ. ಇಬ್ಬರೂ ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತೇವೆ. ಮಕ್ಕಳು ಒಳಗೆ ಓಡಿದರೆ ಹಿಡಿದು ಕೂರಿಸಿಕೊಳ್ಳುತ್ತೇವೆ. ನಡುಮನೆಯನ್ನು ಸ್ವಲ್ಪ ಹೊತ್ತು ಖಾಲಿ ಬಿಡುತ್ತೇವೆ. ಯಾರೂ ಏನೂ ಹೇಳದಿದ್ದರೆ, ಉಪ್ಪು ಸರಿಯಿದೆ ಎಂದುಕೊಂಡು ಒಳಗೆ ಹೋಗಿ ಬಡಿಸುತ್ತೇವೆ.